ಗಂಡಸಿನ ಸಂತಾನಾಂಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವಾಗ ಜನ ದನಿ ತಗ್ಗಿಸುತ್ತಾರೆ. ಕೆಲವರು ಸ್ನೇಹಿತನ ಹೆಸರು ಹೇಳಿ ಕೇಳುತ್ತಾರೆ. ಕೆಲವರು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ಕೊನೆಗೊಮ್ಮೆ ಪತ್ರ ಬರೆಯುತ್ತಾರೆ. ಉತ್ತರಿಸುತ್ತಾ ಬಂದಂತೆ ನನಗೆ ಖಾತ್ರಿಯಾದದ್ದು ಇಷ್ಟು: ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿದುಕೊಳ್ಳುವುದರಿಂದಲೇ ಬಹುಪಾಲು ಭಯ ಹುಟ್ಟುತ್ತದೆ. ವೀರ್ಯಾಣು ತಯಾರಾಗುವುದು ಒಂದು ಕೆಲಸ. ಗಂಡು ಹಾರ್ಮೋನು ರಕ್ತಕ್ಕೆ ಸೇರುವುದು ಇನ್ನೊಂದು. ಶಿಶ್ನ ನಿಮಿರುವುದು ಮತ್ತೊಂದು. ಒಂದು ನಿಂತರೂ ಉಳಿದೆರಡು ನಡೆದುಕೊಂಡು ಹೋಗಬಹುದು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

## ಮೊದಲು ತಿಳಿಯಬೇಕಾದದ್ದು

ಒಟ್ಟು ಯಾವ ಯಾವ ಅಂಗ ಇವೆ? ಹೊರಗೆ ಕಾಣೋದು ಎರಡೇ ಅಲ್ವಾ?

ಹೊರಗೆ ಕಾಣುವುದು ಶಿಶ್ನ ಮತ್ತು ವೃಷಣಗಳ ಚೀಲ. ಉಳಿದದ್ದು ಕಿಬ್ಬೊಟ್ಟೆಯೊಳಗೆ, ಮೂತ್ರಕೋಶದ ಸುತ್ತಮುತ್ತ ಇದೆ. ಹೆಸರುಗಳನ್ನು ಉರು ಹೊಡೆಯುವುದಕ್ಕಿಂತ ಒಂದು ವೀರ್ಯಾಣುವಿನ ಹಿಂದೆ ನಡೆದು ನೋಡುವುದು ಸುಲಭ.

ಅದು ಹುಟ್ಟುವುದು ವೃಷಣದಲ್ಲಿ, ಆಡುಮಾತಿನಲ್ಲಿ ಹೇಳುವುದಾದರೆ ಬೀಜದಲ್ಲಿ. ಪ್ರತಿ ವೃಷಣದೊಳಗೆ ಸುಮಾರು 250 ಪುಟ್ಟ ಕೋಣೆಗಳಿವೆ. ಒಂದೊಂದರಲ್ಲೂ ದಾರದಂತೆ ಸುರುಳಿ ಸುತ್ತಿಕೊಂಡ ನಳಿಕೆಗಳಿರುತ್ತವೆ. ಎಲ್ಲವನ್ನೂ ಬಿಡಿಸಿ ಸಾಲಾಗಿ ಜೋಡಿಸಿದರೆ ನೂರಾರು ಮೀಟರ್ ಆಗುತ್ತದೆ. ಅಲ್ಲಿಂದ ಹೊರಟ ವೀರ್ಯಾಣು ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಸೇರುತ್ತದೆ. ಇದು ಒಂದೇ ನಳಿಕೆ, ಬಿಡಿಸಿದರೆ ಸುಮಾರು 6 ಮೀಟರ್. ವೀರ್ಯಾಣು ಈಜಲು ಕಲಿಯುವುದು ಇಲ್ಲಿ. ಮುಂದಿನದು ವೀರ್ಯನಾಳ. ಚೀಲದಿಂದ ಮೇಲೇರಿ, ತೊಡೆಸಂದಿನ ಮೂಲಕ ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶವನ್ನು ಬಳಸಿಕೊಂಡು ಅದರ ಹಿಂಬದಿಗೆ ಇಳಿಯುತ್ತದೆ. ಅಲ್ಲಿ ವೀರ್ಯಕೋಶ ಎಂಬ ಗ್ರಂಥಿಯ ನಾಳ ಬಂದು ಕೂಡಿಕೊಳ್ಳುತ್ತದೆ. ಇವೆರಡೂ ಒಂದಾಗಿ ಪ್ರಾಸ್ಟೇಟ್ ಗ್ರಂಥಿಯನ್ನು ತೂರಿಕೊಂಡು ಮೂತ್ರನಾಳಕ್ಕೆ ತೆರೆದುಕೊಳ್ಳುತ್ತವೆ. ಅಲ್ಲಿಂದ ಶಿಶ್ನದ ತುದಿಯವರೆಗೆ ಒಂದೇ ದಾರಿ.

ಬೀಜ ಯಾಕೆ ಹೊರಗೆ ನೇತಾಡುತ್ತೆ? ಅಷ್ಟು ಮುಖ್ಯವಾದದ್ದು ಒಳಗೇ ಇರಬಾರದಿತ್ತಾ?

ತಂಪಿಗಾಗಿ. ವೀರ್ಯಾಣು ಚೆನ್ನಾಗಿ ತಯಾರಾಗಲು ಮೈಯ ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರಬೇಕು. ಅದಕ್ಕಾಗಿ ಮೂರು ಏರ್ಪಾಡುಗಳಿವೆ. ಚೀಲದ ಚರ್ಮದಡಿಯ ತೆಳು ಸ್ನಾಯು ಚಳಿಗೆ ಸುಕ್ಕುಗಟ್ಟಿ ಮೈಗೆ ಒತ್ತಿಕೊಳ್ಳುತ್ತದೆ, ಸೆಕೆಗೆ ಸಡಿಲವಾಗಿ ಜೋತು ಬೀಳುತ್ತದೆ. ವೃಷಣವನ್ನು ಹಿಡಿದಿರುವ ಹುರಿಯ ಸ್ನಾಯು ಅದನ್ನು ಮೇಲೆ ಕೆಳಗೆ ಎಳೆಯುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಒಳಗೆ ಬರುವ ಬಿಸಿ ರಕ್ತದ ಅಪಧಮನಿಯ ಸುತ್ತ, ತಣ್ಣಗಾಗಿ ಹಿಂತಿರುಗುವ ರಕ್ತದ ಸಿರೆಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಹೋಗುವ ರಕ್ತ ಬರುವ ರಕ್ತದ ಬಿಸಿಯನ್ನು ಹೀರಿಕೊಳ್ಳುತ್ತದೆ, ವೃಷಣ ತಲುಪುವಷ್ಟರಲ್ಲಿ ರಕ್ತ ತಣಿದಿರುತ್ತದೆ.

ಎಲ್ಲ ಪ್ರಾಣಿಗಳಲ್ಲೂ ಹೀಗಿಲ್ಲ. ಆನೆಯ ವೃಷಣಗಳು ಜೀವನಪೂರ್ತಿ ಹೊಟ್ಟೆಯೊಳಗೇ ಇರುತ್ತವೆ, ಹಕ್ಕಿಗಳದೂ ಹಾಗೆಯೇ.

ನನ್ನ ಎಡಗಡೆದು ಕೆಳಗೆ ಇಳಿದಿದೆ, ಒಂದು ಸ್ವಲ್ಪ ಚಿಕ್ಕದು. ಏನಾದರೂ ತೊಂದರೆನಾ?

ಹೆಚ್ಚಿನ ಗಂಡಸರಲ್ಲಿ ಎಡಗಡೆಯದು ಕೆಳಗಿರುತ್ತದೆ, ಗಾತ್ರದಲ್ಲಿ ಚೂರು ಹೆಚ್ಚುಕಡಿಮೆಯೂ ಸಹಜ. ವಯಸ್ಕರ ವೃಷಣ 4ರಿಂದ 5 ಸೆಂಟಿಮೀಟರ್ ಉದ್ದವಿರುತ್ತದೆ. ಗಮನಿಸಬೇಕಾದದ್ದು ಬದಲಾವಣೆಯನ್ನು. ಮೊದಲು ಹೇಗಿತ್ತೋ ಹಾಗಿಲ್ಲ, ಒಂದು ದೊಡ್ಡದಾಗುತ್ತಿದೆ ಅಥವಾ ಕುಗ್ಗುತ್ತಿದೆ ಅನ್ನಿಸಿದರೆ ತೋರಿಸಿ.

ವೀರ್ಯ, ವೀರ್ಯಾಣು ಎರಡೂ ಒಂದೇನಾ?

ಅಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ. ವೀರ್ಯ ಎಂದರೆ ಕಣ್ಣಿಗೆ ಕಾಣುವ ದ್ರವ. ವೀರ್ಯಾಣು ಅದರಲ್ಲಿ ಈಜುವ ಜೀವಕೋಶ, ಸೂಕ್ಷ್ಮದರ್ಶಕವಿಲ್ಲದೆ ಕಾಣದು. 1677ರಲ್ಲಿ ಡಚ್ಚರ ಆಂಟನಿ ವಾನ್ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಅದನ್ನು ನೋಡಿ ದಾಖಲಿಸುವವರೆಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.

ದ್ರವದಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಬರುವುದು ವೀರ್ಯಕೋಶಗಳಿಂದ. ಅದರಲ್ಲಿ ಫ್ರಕ್ಟೋಸ್ ಸಕ್ಕರೆ ಇರುತ್ತದೆ, ವೀರ್ಯಾಣುಗಳಿಗೆ ಅದೇ ಇಂಧನ. ಕಾಲು ಪಾಲಿನ ಆಸುಪಾಸು ಪ್ರಾಸ್ಟೇಟ್‌ನ ತೆಳು ರಸ, ಅದರಲ್ಲಿ ಸತು ಮತ್ತು ಸಿಟ್ರಿಕ್ ಆಮ್ಲ ಇರುತ್ತವೆ. ವೃಷಣದಿಂದ ಬಂದದ್ದು ಒಟ್ಟು ಪ್ರಮಾಣದಲ್ಲಿ ನೂರಕ್ಕೆ ಸುಮಾರು ಐದು ಪಾಲು, ಅಷ್ಟೆ. ವೀರ್ಯ ದಪ್ಪವಾಗಿದೆಯೋ ತೆಳ್ಳಗಿದೆಯೋ ಎಂದು ಕಣ್ಣಳತೆಯಲ್ಲಿ ನೋಡಿ ಮಕ್ಕಳಾಗುತ್ತವೋ ಇಲ್ಲವೋ ಹೇಳಲು ಆಗದಿರುವುದು ಇದರಿಂದಲೇ.

ಹೊರಬಂದ ಕೂಡಲೇ ವೀರ್ಯ ಹೆಪ್ಪುಗಟ್ಟಿ, 15ರಿಂದ 30 ನಿಮಿಷದಲ್ಲಿ ನೀರಾಗುವುದೂ ಸಹಜ. "ಮೊದಲು ಗಟ್ಟಿ ಇತ್ತು, ಆಮೇಲೆ ನೀರಾಯ್ತು" ಎಂದು ಹೆದರಿ ಬರೆದವರಿದ್ದಾರೆ. ಅದು ಆಗಬೇಕಾದದ್ದೇ.

ಮೂತ್ರ, ವೀರ್ಯ ಎರಡೂ ಒಂದೇ ದಾರಿಯಲ್ಲಿ ಬಂದರೆ ಬೆರೆತು ಹೋಗಲ್ವಾ?

ಸ್ಖಲನದ ಹೊತ್ತಿಗೆ ಮೂತ್ರಕೋಶದ ಕತ್ತಿನಲ್ಲಿರುವ ಸ್ನಾಯು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮೂತ್ರ ಕೆಳಗಿಳಿಯುವುದಿಲ್ಲ, ವೀರ್ಯ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೂ ಮೊದಲು ಕೂಪರ್ ಗ್ರಂಥಿಗಳೆಂಬ ಎರಡು ಪುಟ್ಟ ಗ್ರಂಥಿಗಳು ಅಂಟಂಟಾದ ಹನಿ ಸುರಿಸಿ ದಾರಿಯಲ್ಲಿ ಉಳಿದ ಮೂತ್ರದ ಆಮ್ಲವನ್ನು ತಟಸ್ಥ ಮಾಡುತ್ತವೆ. ಆ ಮುಂಚಿನ ಹನಿಯಲ್ಲೂ ಕೆಲವೊಮ್ಮೆ ವೀರ್ಯಾಣುಗಳಿರಬಹುದು. ಕೊನೆಗಳಿಗೆಯಲ್ಲಿ ಹೊರಗೆ ತೆಗೆಯುವುದನ್ನೇ ನಂಬಿ ಗರ್ಭ ತಡೆಯಲು ಹೋಗಬೇಡಿ.

ಮಧುಮೇಹದಿಂದ ನರಗಳು ಸೊರಗಿದ್ದರೆ ಅಥವಾ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾಗಿದ್ದರೆ ಈ ಸ್ನಾಯು ಸರಿಯಾಗಿ ಮುಚ್ಚದೆ ವೀರ್ಯ ಮೂತ್ರಕೋಶಕ್ಕೆ ಹಿಮ್ಮುಖವಾಗಿ ಹೋಗಬಹುದು. ಸುಖದ ಅನುಭವ ಇರುತ್ತದೆ, ಹೊರಗೆ ಮಾತ್ರ ಏನೂ ಬರದು. ಜೀವಕ್ಕೆ ಅಪಾಯವಿಲ್ಲ, ಮಕ್ಕಳು ಬೇಕೆನ್ನುವವರು ಮಾತ್ರ ವೈದ್ಯರ ಸಹಾಯ ಪಡೆಯಬೇಕು.

ಬೀಜಕ್ಕೆ ಪೆಟ್ಟು ಬಿದ್ದರೆ ಹೊಟ್ಟೆ ಯಾಕೆ ನೋಯುತ್ತೆ?

ವೃಷಣಗಳು ಹುಟ್ಟುವುದು ಹೊಟ್ಟೆಯಲ್ಲಿ, ಮೂತ್ರಪಿಂಡಗಳ ಹತ್ತಿರ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ಕೆಳಗಿಳಿದು ಚೀಲ ಸೇರುತ್ತವೆ. ಇಳಿಯುವಾಗ ತಮ್ಮ ರಕ್ತನಾಳ ಮತ್ತು ನರಗಳನ್ನು ಹುಟ್ಟೂರಿನಿಂದಲೇ ಎಳೆದುಕೊಂಡು ಬರುತ್ತವೆ. ಪೆಟ್ಟಿನ ಸುದ್ದಿ ಆ ಹಳೆಯ ನರದ ದಾರಿಯಲ್ಲೇ ಹೋಗುವುದರಿಂದ ಮೆದುಳಿಗೆ ನೋವು ಹೊಟ್ಟೆಯಲ್ಲಿದೆ ಅನ್ನಿಸುತ್ತದೆ, ವಾಂತಿ ಬಂದಂತಾಗುತ್ತದೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ: ಮೂತ್ರಪಿಂಡದ ಕಲ್ಲು ಜಾರುವಾಗ ಏನೂ ಆಗಿರದ ವೃಷಣ ನೋಯುತ್ತದೆ.

## ಬೆಳೆಯುವ ವಯಸ್ಸಿನವರು ಮತ್ತು ಅವರ ಅಪ್ಪ ಅಮ್ಮ ಕೇಳುವುದು

ಮಗನಿಗೆ ಈಗ ಹನ್ನೆರಡು. ಯಾವ ಬದಲಾವಣೆ ಮೊದಲು ಬರುತ್ತೆ?

ಮೀಸೆ ಅಲ್ಲ, ದನಿಯೂ ಅಲ್ಲ. ಮೊದಲು ದೊಡ್ಡದಾಗುವುದು ವೃಷಣ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಇದು ಶುರುವಾಗುತ್ತದೆ. ಆಮೇಲೆ ಕೂದಲು, ಶಿಶ್ನದ ಬೆಳವಣಿಗೆ, ಎತ್ತರದ ಓಟ, ಒಡೆದ ದನಿ ಬರುತ್ತವೆ. ಗಡ್ಡ ಮೀಸೆ ಕೊನೆಗೆ. ಎಷ್ಟೋ ಹುಡುಗರಲ್ಲಿ ಎದೆ ಸ್ವಲ್ಪ ಉಬ್ಬಿ, ಮುಟ್ಟಿದರೆ ನೋಯುತ್ತದೆ. ಗೆಳೆಯರ ಗೇಲಿಗೆ ಹೆದರಿ ಅಂಗಿ ಬಿಚ್ಚದ ಹುಡುಗರ ಬಗ್ಗೆ ತಾಯಂದಿರು ನನಗೆ ಬರೆದಿದ್ದಾರೆ. ಹಾರ್ಮೋನುಗಳ ಏರಿಳಿತದ ಕಾಲದಲ್ಲಿ ಅದು ಸಹಜ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ದಯವಿಟ್ಟು ಮಗನಿಗೆ ಇದನ್ನು ಮುಂಚೆಯೇ ಹೇಳಿ. 9 ವರ್ಷಕ್ಕೆ ಮೊದಲೇ ಶುರುವಾದರೆ ಅಥವಾ 14 ದಾಟಿದರೂ ಏನೂ ಕಾಣದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ನಿದ್ದೆಯಲ್ಲಿ ವೀರ್ಯ ಹೋಗುತ್ತೆ. ಹಸ್ತಮೈಥುನದ ಅಭ್ಯಾಸವೂ ಇದೆ. ರಕ್ತವೇ ವೀರ್ಯ ಆಗೋದಂತೆ, ಶಕ್ತಿಯೆಲ್ಲ ಹೋಗ್ತಿದೆಯಾ?

ಇಲ್ಲ. ಇದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಈ ಒಂದು ತಪ್ಪು ತಿಳಿವಳಿಕೆ ಕೊಟ್ಟಷ್ಟು ಸಂಕಟವನ್ನು ಎಷ್ಟೋ ಕಾಯಿಲೆಗಳೂ ಕೊಟ್ಟಿಲ್ಲ.

ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ ಸಾರವಲ್ಲ. ಬಾಯಲ್ಲಿ ಜೊಲ್ಲು ಊರುವಂತೆ, ಕಣ್ಣಲ್ಲಿ ನೀರು ಊರುವಂತೆ ಗ್ರಂಥಿಗಳು ಅದನ್ನು ಸುರಿಸುತ್ತವೆ. ಒಂದು ಸಲಕ್ಕೆ ಹೋಗುವುದು ಒಂದು ಚಮಚೆಗೂ ಕಡಿಮೆ, ಅದರಲ್ಲಿ ಹೆಚ್ಚಿನದು ನೀರು. ಅದರಲ್ಲಿರುವ ಸಕ್ಕರೆ, ಪ್ರೋಟೀನು ದೇಹದ ಲೆಕ್ಕಕ್ಕೆ ಬರುವಷ್ಟಿಲ್ಲ. ಹಿಡಿದಿಟ್ಟುಕೊಂಡರೆ ಕೂಡಿ ಶಕ್ತಿಯಾಗುವುದೂ ಇಲ್ಲ. ಹಳೆಯ ವೀರ್ಯಾಣುಗಳು ಒಳಗೇ ಒಡೆದು ಕರಗುತ್ತವೆ ಅಥವಾ ಮೂತ್ರದಲ್ಲಿ ಹೋಗುತ್ತವೆ. ವೃಷಣ ಅಷ್ಟರಲ್ಲಿ ಹೊಸದನ್ನು ತಯಾರಿಸುತ್ತಲೇ ಇರುತ್ತದೆ, ಆರೋಗ್ಯವಂತ ಯುವಕನಲ್ಲಿ ದಿನಕ್ಕೆ ಕೋಟಿಗಟ್ಟಲೆ.

ಹಾಗಾದರೆ ಸುಸ್ತು, ಬೆನ್ನುನೋವು, ಕಣ್ಣಡಿಯ ಕಪ್ಪು? ಇವು ಅನುಭವಕ್ಕೆ ಬರುವುದು ನಿಜ. ಆದರೆ ಹೆದರಿಕೆ, ನಿದ್ದೆಗೇಡು, ತಪ್ಪು ಮಾಡಿದೆನೆಂಬ ಕೊರಗು, ಕೆಲವೊಮ್ಮೆ ರಕ್ತಹೀನತೆ ಅಥವಾ ಖಿನ್ನತೆ ಅವನ್ನು ತರುತ್ತವೆ. ಚಿಕಿತ್ಸೆ ಅವಕ್ಕೆ ಬೇಕು. ಹಸ್ತಮೈಥುನದಿಂದ ಶಿಶ್ನ ಕುಗ್ಗುವುದಿಲ್ಲ, ಬಾಗುವುದಿಲ್ಲ, ಮುಂದೆ ಮಕ್ಕಳಾಗಲು ತಡೆಯೂ ಇಲ್ಲ. ಓದು, ಕೆಲಸ, ನಿದ್ದೆ ಬಿಟ್ಟು ಅದರಲ್ಲೇ ಮುಳುಗುವಂತಾಗಿದ್ದರೆ ಅದು ಮನಸ್ಸಿನ ಒತ್ತಡದ ಗುರುತು, ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ನಿದ್ದೆಯಲ್ಲಿ ಆಗುವ ಸ್ಖಲನವಂತೂ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಔಷಧಿಯೂ ಬೇಡ, ಪಥ್ಯವೂ ಬೇಡ.

ಮುಂದೊಗಲು ಹಿಂದೆ ಸರಿಯಲ್ಲ. ಎಳೆದು ಸರಿ ಮಾಡಬೇಕಾ?

ಚಿಕ್ಕ ಮಕ್ಕಳದನ್ನು ಎಳೆಯಲೇಬಾರದು. ಹುಟ್ಟುವಾಗ ಮುಂದೊಗಲಿನ ಒಳಪದರ ಶಿಶ್ನದ ತಲೆಗೆ ಅಂಟಿಕೊಂಡೇ ಇರುತ್ತದೆ, ವರ್ಷಗಳು ಕಳೆದಂತೆ ತಾನಾಗಿ ಬಿಡುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಬಹುತೇಕ ಎಲ್ಲರಲ್ಲೂ ಹಿಂದೆ ಸರಿಯುತ್ತದೆ. ಬಲವಂತ ಮಾಡಿದರೆ ಹರಿದು, ಕಲೆಗಟ್ಟಿ, ಇಲ್ಲದ ಬಿಗಿತ ಹುಟ್ಟಿಕೊಳ್ಳುತ್ತದೆ. ದೊಡ್ಡವರಾದ ಮೇಲೂ ಸರಿಯದಿದ್ದರೆ, ಮೂತ್ರ ಹೋಗುವಾಗ ಬಲೂನಿನಂತೆ ಉಬ್ಬಿದರೆ ಅಥವಾ ಪದೇ ಪದೇ ಸೋಂಕಾದರೆ ತೋರಿಸಿ. ಮುಲಾಮಿನಲ್ಲೇ ಎಷ್ಟೋ ಜನರಿಗೆ ಗುಣವಾಗುತ್ತದೆ.

ತಡಮಾಡಬಾರದ ಸಂದರ್ಭ ಒಂದಿದೆ. ಹಿಂದೆ ಸರಿದ ಮುಂದೊಗಲು ಅಲ್ಲೇ ಸಿಕ್ಕಿಕೊಂಡು, ತಲೆ ಊದಿಕೊಂಡು, ಮುಂದಕ್ಕೆ ಬರದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸರಿಯುವ ವಯಸ್ಸಾದ ಮೇಲೆ ಸ್ನಾನದಲ್ಲಿ ಹಿಂದೆ ಸರಿಸಿ ಬರೀ ನೀರಲ್ಲಿ ತೊಳೆದು, ಮತ್ತೆ ಮುಂದಕ್ಕೆ ತಂದರಾಯಿತು. ಅಡಿಯಲ್ಲಿ ಸೇರುವ ಬಿಳಿ ಪದಾರ್ಥ ಸತ್ತ ಚರ್ಮದ ಕೋಶ ಮತ್ತು ಜಿಡ್ಡು, ರೋಗವಲ್ಲ.

ನಂದು ಚಿಕ್ಕದು ಅನ್ನಿಸುತ್ತೆ. ಎಷ್ಟಿರಬೇಕು?

2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ, 15 ಸಾವಿರಕ್ಕೂ ಹೆಚ್ಚು ಗಂಡಸರನ್ನು ವೈದ್ಯರೇ ಅಳೆದ ಲೆಕ್ಕಗಳನ್ನು ಒಟ್ಟುಗೂಡಿಸಿತು. ನಿಮಿರಿದಾಗಿನ ಸರಾಸರಿ ಉದ್ದ 13.12 ಸೆಂಟಿಮೀಟರ್, ಸಡಿಲವಿದ್ದಾಗ 9.16. ಸಡಿಲವಿದ್ದಾಗ ಚಿಕ್ಕದು ಎಂದರೆ ನಿಮಿರಿದಾಗಲೂ ಚಿಕ್ಕದೆಂದಲ್ಲ. ಮೇಲಿಂದ ಕೆಳಗೆ ನೋಡಿದಾಗ ಯಾರದೇ ಆದರೂ ಇರುವುದಕ್ಕಿಂತ ಗಿಡ್ಡವಾಗಿಯೇ ಕಾಣುತ್ತದೆ, ಹೊಟ್ಟೆಯ ಬೊಜ್ಜು ಬುಡವನ್ನು ಇನ್ನಷ್ಟು ಮುಚ್ಚುತ್ತದೆ. ಉದ್ದ ಮಾಡುವ ಎಣ್ಣೆ, ಮಾತ್ರೆ ಯಾವುದೂ ಕೆಲಸ ಮಾಡುವುದಿಲ್ಲ. ಹಣ ಕಳೆದುಕೊಳ್ಳಬೇಡಿ.

## ಒಳಗಿನ ಕೆಲಸ

ಅದು ನಿಮಿರೋದು ಹೇಗೆ? ಒಳಗೆ ಮೂಳೆ ಇದೆಯಾ?

ಮನುಷ್ಯನಲ್ಲಿ ಇಲ್ಲ. ನಾಯಿ, ವಾಲ್ರಸ್‌ಗಳಿಗೆ ಇದೆ. ನಮ್ಮಲ್ಲಿ ಕೆಲಸ ನಡೆಯುವುದು ರಕ್ತದ ಒತ್ತಡದಿಂದ.

ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಮೂರು ಕಂಬಗಳಿವೆ. ಮೇಲ್ಗಡೆ ಅಕ್ಕಪಕ್ಕದಲ್ಲಿರುವ ಎರಡು ಗಟ್ಟಿಯಾಗುವಂಥವು. ಕೆಳಗಿನದು ಮೂತ್ರನಾಳವನ್ನು ಸುತ್ತಿಕೊಂಡು ತುದಿಯಲ್ಲಿ ತಲೆಯಾಗಿ ಅರಳುತ್ತದೆ. ಅದು ಮೆತ್ತಗೇ ಉಳಿಯುತ್ತದೆ, ಇಲ್ಲದಿದ್ದರೆ ನಾಳ ಹಿಸುಕಿ ವೀರ್ಯ ಹೊರಬರಲು ದಾರಿಯೇ ಇರುತ್ತಿರಲಿಲ್ಲ. ಸಾಮಾನ್ಯ ಹೊತ್ತಿನಲ್ಲಿ ಸ್ಪಂಜಿನೊಳಗಿನ ಸ್ನಾಯು ಬಿಗಿದಿರುತ್ತದೆ, ರಕ್ತ ಸ್ವಲ್ಪವೇ ಬರುತ್ತದೆ. ಮನಸ್ಸಿನ ಅಥವಾ ಸ್ಪರ್ಶದ ಪ್ರಚೋದನೆ ಬಂದಾಗ ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಸ್ನಾಯು ಸಡಿಲವಾಗುತ್ತದೆ, ರಕ್ತ ನುಗ್ಗುತ್ತದೆ. ಉಬ್ಬಿದ ಸ್ಪಂಜು ಹೊರಗಿನ ಗಟ್ಟಿ ಹೊದಿಕೆಗೆ ಒತ್ತಿಕೊಂಡಾಗ ರಕ್ತ ಹಿಂದಿರುಗುವ ಸಿರೆಗಳು ನಡುವೆ ಸಿಕ್ಕಿ ಮುಚ್ಚಿಹೋಗುತ್ತವೆ. ಒಳಬರುವ ಬಾಗಿಲು ತೆರೆದು, ಹೊರಹೋಗುವ ಬಾಗಿಲು ಮುಚ್ಚಿದಂತೆ. ಅಂದರೆ ನಿಮಿರುವುದು ಸ್ನಾಯು ಬಿಗಿಯುವುದರಿಂದಲ್ಲ, ಸಡಿಲವಾಗುವುದರಿಂದ. ಗಾಬರಿ, ಅವಸರ, ಹೆದರಿಕೆ ಇದ್ದಾಗ ದೇಹ ಸುರಿಸುವ ಅಡ್ರಿನಲಿನ್ ಆ ಸ್ನಾಯುವನ್ನು ಮತ್ತೆ ಬಿಗಿಯುತ್ತದೆ. ಮೊದಲ ರಾತ್ರಿಯ ಸೋಲಿಗೆ ಎಷ್ಟೋ ಸಲ ಇಷ್ಟೇ ಕಾರಣ.

ರಕ್ತನಾಳಗಳನ್ನು ಸಡಿಲಿಸುವಲ್ಲಿ ನೈಟ್ರಿಕ್ ಆಕ್ಸೈಡ್‌ನ ಪಾತ್ರ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಇದೇ ಸರಪಳಿಯ ಮೇಲೆ ಕೆಲಸ ಮಾಡುತ್ತದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಬಾರದು, ರಕ್ತದೊತ್ತಡ ಜೀವಕ್ಕೆ ಅಪಾಯವಾಗುವಷ್ಟು ಕುಸಿಯುತ್ತದೆ.

ಬೆಳಿಗ್ಗೆ ಎದ್ದಾಗ ನಿಮಿರಿರುತ್ತೆ, ಬೇಕಾದಾಗ ಆಗಲ್ಲ. ಏನಿದು?

ನಿದ್ದೆಯಲ್ಲಿ ಕನಸು ಕಾಣುವ ಘಟ್ಟಗಳು ಬಂದಾಗಲೆಲ್ಲ ಹೀಗಾಗುತ್ತದೆ, ಒಂದು ರಾತ್ರಿಗೆ 3ರಿಂದ 5 ಸಲ. ಕಾಮದ ಕನಸೇ ಬೀಳಬೇಕೆಂದಿಲ್ಲ. ಬೆಳಗಿನದು ಆ ಸಾಲಿನ ಕೊನೆಯದು. ನಿದ್ದೆಯಲ್ಲಿ ಆಗುತ್ತಿದೆ ಎಂದರೆ ನರ, ರಕ್ತನಾಳಗಳು ಚೆನ್ನಾಗಿವೆ, ಅಡ್ಡಿ ಬಹುಶಃ ಮನಸ್ಸಿನಲ್ಲಿದೆ ಎಂಬ ಒಳ್ಳೆಯ ಸುಳಿವು ಅದು. ಎರಡೂ ಹೊತ್ತಿನಲ್ಲಿ ಕ್ರಮೇಣ ಕಡಿಮೆಯಾಗುತ್ತಾ ಬಂದಿದ್ದರೆ ಸಕ್ಕರೆ, ರಕ್ತದೊತ್ತಡ, ಕೊಬ್ಬು ಪರೀಕ್ಷಿಸಿಕೊಳ್ಳಿ. ಶಿಶ್ನದ ಅಪಧಮನಿಗಳು ಹೃದಯದ್ದಕ್ಕಿಂತ ಸಣ್ಣವು, ಹಾಗಾಗಿ ನಾಳ ಕಟ್ಟಿಕೊಳ್ಳುವ ಕಾಯಿಲೆ ಕೆಲವೊಮ್ಮೆ ಎದೆನೋವಿಗೆ ವರ್ಷಗಳ ಮೊದಲೇ ಇಲ್ಲಿ ಕಾಣಿಸಿಕೊಳ್ಳುತ್ತದೆ. ನಾಚಿಕೊಂಡು ಮುಚ್ಚಿಟ್ಟರೆ ಹೃದಯದ ಮುನ್ಸೂಚನೆಯನ್ನೂ ಮುಚ್ಚಿಟ್ಟಂತೆ.

ನಿಮಿರಿದ್ದು 4 ಗಂಟೆಯಾದರೂ ಇಳಿಯದೆ ನೋಯುತ್ತಿದ್ದರೆ ತುರ್ತು ಚಿಕಿತ್ಸೆ ಬೇಕು.

ಒಂದು ವೀರ್ಯಾಣು ತಯಾರಾಗೋಕೆ ಎಷ್ಟು ದಿನ ಬೇಕು?

ವೃಷಣದೊಳಗೆ 65ರಿಂದ 75 ದಿನ, ಎಪಿಡಿಡಿಮಿಸ್ ದಾಟಲು ಒಂದೆರಡು ವಾರ. ಒಟ್ಟು ಮೂರು ತಿಂಗಳು ಎಂದಿಟ್ಟುಕೊಳ್ಳಿ. ನಳಿಕೆಯ ಗೋಡೆಯಲ್ಲಿರುವ ಮೂಲಕೋಶ ಒಡೆದು, 46 ವರ್ಣತಂತುಗಳನ್ನು 23ಕ್ಕೆ ಇಳಿಸಿಕೊಂಡು, ದುಂಡಗಿದ್ದದ್ದು ತಲೆ, ನಡುಭಾಗ, ಬಾಲ ಬೆಳೆಸಿಕೊಳ್ಳುತ್ತದೆ. ಈ ಕಾಲವೆಲ್ಲ ಅದನ್ನು ಮಡಿಲಲ್ಲಿಟ್ಟು ಸಾಕುವುದು ಸರ್ಟೋಲಿ ಕೋಶಗಳು. 1865ರಲ್ಲಿ ಇವನ್ನು ವಿವರಿಸಿದ ಇಟಲಿಯ ಎನ್ರಿಕೊ ಸರ್ಟೋಲಿಯ ಹೆಸರೇ ಇವಕ್ಕಿದೆ. ಇವು ಒತ್ತಾಗಿ ಹೆಣೆದುಕೊಂಡು ರಕ್ತಕ್ಕೂ ವೀರ್ಯಾಣುವಿಗೂ ನಡುವೆ ಗೋಡೆ ಕಟ್ಟುತ್ತವೆ. ವೀರ್ಯಾಣು ಹುಟ್ಟುವುದು ಹದಿಹರೆಯದಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆ ಅಷ್ಟರೊಳಗೆ ತನ್ನವರ್ಯಾರೆಂದು ಗುರುತು ಹಾಕಿ ಮುಗಿಸಿರುತ್ತದೆ. ಗೋಡೆ ಇಲ್ಲದಿದ್ದರೆ ಅದು ವೀರ್ಯಾಣುವನ್ನು ಹೊರಗಿನವನೆಂದು ಹೊಡೆದುಹಾಕುತ್ತಿತ್ತು.

ಮೂರು ತಿಂಗಳ ಈ ಲೆಕ್ಕ ನೆನಪಿಟ್ಟುಕೊಳ್ಳುವಂಥದ್ದು. ಜೋರು ಜ್ವರ ಬಂದುಹೋದ ಎರಡು ತಿಂಗಳಿಗೆ ವೀರ್ಯ ಪರೀಕ್ಷೆ ಕೆಟ್ಟದಾಗಿ ಬರಬಹುದು. ಇಂದು ಸಿಗರೇಟು ಬಿಟ್ಟರೆ ಅದರ ಫಲವೂ ಮೂರು ತಿಂಗಳ ನಂತರವೇ ಕಾಣುವುದು.

ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡರೆ ವೀರ್ಯಾಣು ಜಾಸ್ತಿ ಆಗುತ್ತಾ?

ಕಡಿಮೆಯಾಗುತ್ತದೆ, ಎಷ್ಟೋ ಸಲ ಸೊನ್ನೆಯಾಗುತ್ತದೆ. ಮೈ ಕಟ್ಟಲು ಹೋಗಿ ಸೂಜಿ ಚುಚ್ಚಿಸಿಕೊಂಡು, ಮದುವೆಯಾದ ಮೇಲೆ ಕಂಗಾಲಾಗಿ ಕೇಳುವ ಯುವಕರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು.

ವೃಷಣಕ್ಕೆ ಎರಡು ಕೆಲಸ. ನಳಿಕೆಯೊಳಗೆ ವೀರ್ಯಾಣು, ನಳಿಕೆಗಳ ನಡುವಿನ ಲೇಡಿಗ್ ಕೋಶಗಳಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು. ಎರಡನೆಯದು ನಾಳದ ದಾರಿ ಹಿಡಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಇದರ ಮೊದಲ ಸುಳಿವು ಸಿಕ್ಕಿದ್ದು ಹುಂಜಗಳಿಂದ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನ ಆರ್ನಾಲ್ಡ್ ಬರ್ತೋಲ್ಡ್ ಹುಂಜಗಳ ವೃಷಣ ತೆಗೆದರು. ಜುಟ್ಟು ಬಾಡಿತು, ಕೂಗು, ಜಗಳ ನಿಂತವು. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟಾಗ ನರದ ನಂಟಿಲ್ಲದೆಯೂ ಎಲ್ಲವೂ ಮರಳಿದವು. ಆ ವಸ್ತುವನ್ನು ಬೇರ್ಪಡಿಸಿ ಟೆಸ್ಟೋಸ್ಟಿರಾನ್ ಎಂದು ಹೆಸರಿಟ್ಟದ್ದು 1935ರಲ್ಲಿ.

ಈ ಎರಡೂ ಕೆಲಸಗಳನ್ನು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ನಡೆಸುತ್ತದೆ. ಅದು ಎರಡು ಹಾರ್ಮೋನುಗಳನ್ನು ಕಳಿಸುತ್ತದೆ: ಎಲ್‌ಎಚ್ ಲೇಡಿಗ್ ಕೋಶಗಳಿಗೆ, ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳಿಗೆ ಅಪ್ಪಣೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಸುರಿದಾಗ ಮೆದುಳು ಸಾಕಷ್ಟಿದೆ ಎಂದು ಎರಡೂ ಅಪ್ಪಣೆಗಳನ್ನು ನಿಲ್ಲಿಸುತ್ತದೆ. ವೃಷಣದೊಳಗೆ ಟೆಸ್ಟೋಸ್ಟಿರಾನ್ ಪ್ರಮಾಣ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು, ಸೂಜಿಯಿಂದ ಬಂದದ್ದು ಆ ಮಟ್ಟ ಮುಟ್ಟುವುದಿಲ್ಲ. ತೋಳು ದಪ್ಪವಾಗುತ್ತದೆ, ವೃಷಣ ಕುಗ್ಗುತ್ತದೆ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ಮರಳುತ್ತದೆ, ಆದರೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮೀರಿ ಹಿಡಿಯುತ್ತದೆ.

ವ್ಯಾಸೆಕ್ಟಮಿ ಮಾಡಿಸಿಕೊಂಡರೆ ಗಂಡಸುತನ ಹೋಗುತ್ತಾ?

ಮೂರು ಕೆಲಸಗಳ ಮಾತನ್ನು ಇಲ್ಲಿ ನೆನೆಯಿರಿ. ಮುಂದೆ ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಈ ಆಪರೇಷನ್‌ನಲ್ಲಿ ಕತ್ತರಿಸುವುದು ವೀರ್ಯನಾಳವನ್ನು ಮಾತ್ರ. ಟೆಸ್ಟೋಸ್ಟಿರಾನ್ ರಕ್ತದಲ್ಲಿ ಹೋಗುತ್ತದೆ, ಅದಕ್ಕೆ ಈ ನಾಳ ಬೇಕಿಲ್ಲ. ನಿಮಿರಿಸುವ ನರಗಳೂ ರಕ್ತನಾಳಗಳೂ ಬೇರೆಡೆ ಇವೆ. ವೀರ್ಯ ಮೊದಲಿನಷ್ಟೇ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ, ಅಷ್ಟೆ. ಬ್ಲೇಡು ಬಳಸದ ಸುಲಭ ವಿಧಾನವನ್ನು 1974ರಲ್ಲಿ ಚೀನಾದ ಲಿ ಶುನ್‌ಕಿಯಾಂಗ್ ರೂಪಿಸಿದರು. ಹೆಂಗಸರ ಆಪರೇಷನ್‌ಗೆ ಹೊಟ್ಟೆಯೊಳಗೆ ಹೋಗಬೇಕು, ಇದಕ್ಕೆ ಚರ್ಮದಡಿಯ ನಾಳ ಸಾಕು. ಆದರೂ ಭಾರವನ್ನು ಹೆಂಡತಿಯ ಮೇಲೆಯೇ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಆಪರೇಷನ್ ಆದ ಮರುದಿನದಿಂದಲೇ ಸುರಕ್ಷಿತ ಎಂದುಕೊಳ್ಳಬೇಡಿ. ನಾಳದಲ್ಲಿ ಮುಂದಕ್ಕೆ ಹೋಗಿದ್ದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು, ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಕಾಂಡೋಮ್ ಬಳಸಿ. ನಾಳವನ್ನು ಮತ್ತೆ ಜೋಡಿಸಬಹುದು, ಮಕ್ಕಳಾಗುವ ಖಾತ್ರಿ ಮಾತ್ರ ಇಲ್ಲ.

ಗಂಡೋ ಹೆಣ್ಣೋ ಅನ್ನೋದು ಯಾರಿಂದ?

ಅಪ್ಪನ ವೀರ್ಯಾಣುವಿನಿಂದ. ಅಮ್ಮನ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ವರ್ಣತಂತು. ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ. ಯಾವುದು ಮೊದಲು ಕೂಡುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವವರಿಗೆ ಇದನ್ನು ಓದಿ ಹೇಳಿ.

## ರಿಪೋರ್ಟು, ನೋವು, ವಯಸ್ಸು

ವೀರ್ಯ ಪರೀಕ್ಷೆಯ ರಿಪೋರ್ಟ್ ಓದೋದು ಹೇಗೆ? ನೂರಕ್ಕೆ ನಾಲ್ಕೇ ಸರಿ ಇವೆಯಂತೆ!

ಆ ನಾಲ್ಕು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗೆರೆ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲಿಸುವವು ನೂರಕ್ಕೆ 42, ಮುಂದಕ್ಕೆ ಈಜುವವು ಒಟ್ಟು ನೂರಕ್ಕೆ 30, ಸರಿಯಾದ ಆಕಾರದವು ನೂರಕ್ಕೆ 4. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಕೊನೆಯ ನೂರಕ್ಕೆ ಐದು ಜನರ ಮಟ್ಟವನ್ನು ಗೆರೆಯಾಗಿ ತೆಗೆದುಕೊಂಡ ಅಂಕಿಗಳಿವು. ಅಂದರೆ ಗೆರೆಗಿಂತ ಕೆಳಗಿದ್ದವರೂ ಅಪ್ಪಂದಿರಾಗಿದ್ದಾರೆ. ಗೆರೆಯ ಮೇಲಿದ್ದರೆ ಮಕ್ಕಳಾಗಿಯೇ ತೀರುತ್ತವೆ ಎಂದೂ ಅಲ್ಲ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ಸ್ಖಲನ ಬೇಡ. ಒಂದೇ ರಿಪೋರ್ಟಿನಿಂದ ತೀರ್ಮಾನಕ್ಕೆ ಬರಬೇಡಿ, ಒಬ್ಬನದೇ ಅಂಕಿಗಳು ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತವೆ.

ರಿಪೋರ್ಟಲ್ಲಿ ಸೊನ್ನೆ ಬಂದಿದೆ. ಮುಗೀತಾ?

ಮುಗಿದಿಲ್ಲ. ಮೊದಲು ತಿಳಿಯಬೇಕಾದದ್ದು, ತಯಾರಿಯೇ ಇಲ್ಲವೋ ದಾರಿ ಕಟ್ಟಿದೆಯೋ ಎಂಬುದು. ಎಫ್‌ಎಸ್‌ಎಚ್ ಸಹಜವಾಗಿದ್ದು ವೃಷಣದ ಗಾತ್ರ ಸರಿಯಿದ್ದರೆ ಅಡ್ಡಿ ದಾರಿಯಲ್ಲಿರುವ ಸಾಧ್ಯತೆ ಹೆಚ್ಚು. ಹಳೆಯ ಸೋಂಕು, ಹರ್ನಿಯಾ ಆಪರೇಷನ್ ವೇಳೆಯ ಗಾಯ, ಹುಟ್ಟಿನಿಂದಲೇ ವೀರ್ಯನಾಳ ಇಲ್ಲದಿರುವುದು ಇದಕ್ಕೆ ಕಾರಣಗಳು. ಎಫ್‌ಎಸ್‌ಎಚ್ ಏರಿದ್ದು ವೃಷಣ ಚಿಕ್ಕದಾಗಿದ್ದರೆ ತಯಾರಿಯಲ್ಲೇ ಕೊರತೆ. ಎಕ್ಸ್ ವರ್ಣತಂತು ಒಂದು ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಇದಕ್ಕೆ ಮುಖ್ಯ ಉದಾಹರಣೆ, 500ರಿಂದ 1000 ಗಂಡಸರಲ್ಲಿ ಒಬ್ಬರಿಗೆ ಇರುತ್ತದೆ, ಹಲವರಿಗೆ ಗೊತ್ತೇ ಇರುವುದಿಲ್ಲ. ಇಂಥವರಲ್ಲೂ ಕೆಲವೊಮ್ಮೆ ವೃಷಣದೊಳಗೆ ಅಲ್ಲಲ್ಲಿ ವೀರ್ಯಾಣು ಸಿಗುತ್ತವೆ. ಒಂದೇ ಒಂದನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಿಂದ ಮಕ್ಕಳು ಹುಟ್ಟಿದ ವರದಿ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ಇಂಥ ಗಂಡಸರಿಗೆ ದಾರಿಯೇ ಇರಲಿಲ್ಲ.

ಚೀಲದೊಳಗೆ ಹುಳುಗಳ ಗಂಟಿನ ಹಾಗೆ ಕೈಗೆ ಸಿಗುತ್ತೆ. ಏನದು?

ಬಹುಶಃ ವೆರಿಕೋಸೀಲ್, ಸಿರೆಗಳು ಉಬ್ಬಿರುವುದು. ನೂರರಲ್ಲಿ ಸುಮಾರು 15 ಗಂಡಸರಿಗೆ ಇರುತ್ತದೆ, ಹೆಚ್ಚಾಗಿ ಎಡಗಡೆ. ಬಲಗಡೆಯ ಸಿರೆ ದೊಡ್ಡ ಮಹಾಸಿರೆಗೆ ಓರೆಯಾಗಿ ಸೇರುತ್ತದೆ. ಎಡಗಡೆಯದು ಇನ್ನೂ ಮೇಲಕ್ಕೆ ಹೋಗಿ ಮೂತ್ರಪಿಂಡದ ಸಿರೆಗೆ ಲಂಬವಾಗಿ ಸೇರುವುದರಿಂದ ರಕ್ತ ಹಿಂದಕ್ಕೆ ನಿಲ್ಲುತ್ತದೆ. ಆಗ ತಂಪು ಮಾಡುವ ಏರ್ಪಾಡು ಕೆಡುತ್ತದೆ. ನೋವಿಲ್ಲದೆ, ಮಕ್ಕಳಾಗಿದ್ದರೆ ಸುಮ್ಮನಿರಬಹುದು. ನೋವಿದ್ದರೆ, ರಿಪೋರ್ಟು ಕೆಟ್ಟಿದ್ದರೆ, ಬೆಳೆಯುವ ಹುಡುಗನಲ್ಲಿ ಆ ಬದಿಯ ವೃಷಣ ಚಿಕ್ಕದಾಗುತ್ತಿದ್ದರೆ ಚಿಕಿತ್ಸೆ ಇದೆ. ಬಲಗಡೆ ಮಾತ್ರ ಬಂದರೆ, ಮಲಗಿದರೂ ಇಳಿಯದಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು.

ಮಗನಿಗೆ ಇದ್ದಕ್ಕಿದ್ದಂತೆ ಬೀಜ ನೋವು. ಬೆಳಿಗ್ಗೆವರೆಗೆ ಕಾಯಬಹುದಾ?

ಬೇಡ. ಈಗಲೇ ಹೊರಡಿ. ವೃಷಣ ತನ್ನ ಹುರಿಯ ಮೇಲೆ ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಿನವು ಉಳಿಯುತ್ತವೆ, ಆಮೇಲೆ ಗಂಟೆ ಗಂಟೆಗೂ ಆಸೆ ಕುಗ್ಗುತ್ತದೆ. ಹದಿಹರೆಯದಲ್ಲೇ ಇದು ಹೆಚ್ಚು. ಒಂದು ವೃಷಣ ಮೇಲಕ್ಕೆ ಎಳೆದುಕೊಂಡಂತೆ ಕಾಣುವುದು, ವಾಂತಿ, ಕೆಳಹೊಟ್ಟೆಯ ನೋವು ಇದರ ಗುರುತುಗಳು. ಹುಡುಗರು ನಾಚಿಕೊಂಡು ಹೊಟ್ಟೆನೋವು ಎಂದಷ್ಟೇ ಹೇಳುತ್ತಾರೆ, ನೀವೇ ಬಿಡಿಸಿ ಕೇಳಿ.

ನೋವಿಲ್ಲದ ಗಂಟು. ನೋವೇ ಇಲ್ಲ ಅಂದ ಮೇಲೆ ಬಿಡಬಹುದಲ್ವಾ?

ನೋವಿಲ್ಲದ್ದೇ ಹೆಚ್ಚು ಅನುಮಾನ ಹುಟ್ಟಿಸಬೇಕು. ವೃಷಣದ ಕ್ಯಾನ್ಸರ್ ಬರುವುದು ಹೆಚ್ಚಾಗಿ 15ರಿಂದ 40ರ ವಯಸ್ಸಿನಲ್ಲಿ, ನೋವಿಲ್ಲದ ಗಟ್ಟಿ ಉಬ್ಬಾಗಿ. ಬೇಗ ಹಿಡಿದರೆ ಬಹುತೇಕ ಎಲ್ಲರೂ ಗುಣವಾಗುವ ಕ್ಯಾನ್ಸರ್ ಇದು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ನಂತರ ಒಂದೊಂದನ್ನೇ ಹೆಬ್ಬೆರಳು, ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ ನೋಡಿ. ಹಿಂಬದಿಯಲ್ಲಿ ಹಗ್ಗದಂತೆ ಸಿಗುವುದು ಎಪಿಡಿಡಿಮಿಸ್, ಅದು ಇರಬೇಕಾದದ್ದೇ. ವೃಷಣದ ಮೈಗೇ ಅಂಟಿದ ಗಟ್ಟಿ ಗಂಟಾದರೆ ಆ ವಾರವೇ ಯುರಾಲಜಿಸ್ಟ್ ಬಳಿ ಹೋಗಿ ಅಲ್ಟ್ರಾಸೌಂಡ್ ಮಾಡಿಸಿ.

ಮಗುವಿನ ಒಂದು ಬೀಜ ಚೀಲದಲ್ಲಿ ಇಲ್ಲ. ಬೆಳೆದಂತೆ ಇಳಿಯುತ್ತೆ ಅಂತಾರೆ.

ಆರು ತಿಂಗಳವರೆಗೆ ಕಾಯಬಹುದು, ಎಷ್ಟೋ ಮಕ್ಕಳಲ್ಲಿ ಅಷ್ಟರೊಳಗೆ ಇಳಿಯುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಇದು ಹೆಚ್ಚು. ಆರು ತಿಂಗಳಾದರೂ ಇಳಿಯದಿದ್ದರೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. ಒಳಗಿನ ಬಿಸಿಯಲ್ಲಿ ಮೂಲಕೋಶಗಳು ಸಾಯುತ್ತವೆ, ಮುಂದೆ ಕ್ಯಾನ್ಸರ್ ಅಪಾಯವೂ ಹೆಚ್ಚು. ಶಾಲೆಗೆ ಸೇರಲಿ, ದೊಡ್ಡವನಾಗಲಿ ಎಂದು ಮುಂದೂಡಬೇಡಿ.

ಅಪ್ಪನಿಗೆ 65. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತಾರೆ. ಪ್ರಾಸ್ಟೇಟ್ ಅಂದರೆ ಕ್ಯಾನ್ಸರಾ?

ಹೆಚ್ಚಿನ ಸಲ ಅಲ್ಲ. ಯೌವನದಲ್ಲಿ ಅಕ್ರೋಟಿನಷ್ಟಿರುವ ಪ್ರಾಸ್ಟೇಟ್ ವಯಸ್ಸಾದಂತೆ ಬೆಳೆಯುತ್ತದೆ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ, ಬೆಳೆಯುವುದೂ ನಾಳದ ಸುತ್ತಲಿನ ಒಳಭಾಗವೇ. ಹಾಗಾಗಿ ಧಾರೆ ಸಣ್ಣಗಾಗುತ್ತದೆ, ತಡವಾಗಿ ಶುರುವಾಗುತ್ತದೆ, ಪೂರ್ತಿ ಖಾಲಿಯಾಗುವುದಿಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರಭಾಗದಲ್ಲಿ, ಆದ್ದರಿಂದ ಮೊದಮೊದಲು ಯಾವ ಲಕ್ಷಣವನ್ನೂ ತೋರದೆ ಇರಬಹುದು.

ಪಿಎಸ್‌ಎ ರಕ್ತಪರೀಕ್ಷೆ ಹೇಳುತ್ತಾರೆ. ಪಿಎಸ್‌ಎ ಅಸಲಿಗೆ ಹೆಪ್ಪುಗಟ್ಟಿದ ವೀರ್ಯವನ್ನು ನೀರಾಗಿಸುವ ಪ್ರೋಟೀನು, ಸ್ವಲ್ಪ ಮಾತ್ರ ರಕ್ತಕ್ಕೆ ಸೋರುತ್ತದೆ. ಸೋಂಕಾದಾಗ, ಗ್ರಂಥಿ ಬೆಳೆದಾಗ, ಸ್ಖಲನವಾಗಿ ಒಂದೆರಡು ದಿನದೊಳಗೆ ಪರೀಕ್ಷಿಸಿದಾಗಲೂ ಏರುತ್ತದೆ. ಏರಿದ ಅಂಕಿ ಕಂಡ ಕೂಡಲೇ ಕ್ಯಾನ್ಸರ್ ಎಂದು ಅಪ್ಪನನ್ನು ಹೆದರಿಸಬೇಡಿ. ಆದರೆ ಮೂತ್ರ ಪೂರ್ತಿ ಕಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಕರೆದುಕೊಂಡು ಹೋಗಿ. ಇಂಥ ತುರ್ತು ಇಲ್ಲದಿದ್ದರೆ, ಹೋಗುವ ಮುಂಚೆ ಮೂರು ದಿನ ಎಷ್ಟು ಹೊತ್ತಿಗೆ, ಎಷ್ಟು ಮೂತ್ರ ಹೋಯಿತು, ಏನು ಕುಡಿದರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.